ಮೂಗಿನ ಕಥೆಗೆ ಎಷ್ಟು ಅಂಕ?

1791ರ ಡಿಸೆಂಬರ್ ತಿಂಗಳು. ಈಗಿನ ಭದ್ರಾವತಿ ತಾಲ್ಲೂಕಿನಲ್ಲಿರುವ ಹೊಳೆಹೊನ್ನೂರಿನ ಕೋಟೆ ಪರಶುರಾಮ ಭಾವುವಿನ ಮರಾಠಾ ದಂಡಿಗೆ ಸಿಕ್ಕಿತು. ದಂಡಿನ ಜೊತೆಗೆ ಕ್ಯಾಪ್ಟನ್ ಲಿಟಲ್ ಎಂಬಾತನ ಕೈಕೆಳಗೆ ಮುಂಬಯಿಯ ಇಂಗ್ಲಿಷ್ ಪಲ್ಟನ್ನೂ ಇತ್ತು. ತಿಂಗಳ ಕೊನೆಗೆ ಶಿವಮೊಗ್ಗದ ಸಮೀಪದ ಕಾಡಿನಲ್ಲಿ ಟಿಪ್ಪುವಿನ ಸೈನ್ಯದೊಂದಿಗೆ ದೊಡ್ಡ ಕಾಳಗವಾಯಿತು. 1792ರ ಜನವರಿ ಮೊದಲ ವಾರದಲ್ಲಿ ಶಿವಮೊಗ್ಗದ ಕೋಟೆಯೂ ಶರಣಾಯಿತು. ಶಾಲೆಯ ಪುಸ್ತಕಗಳು ‘ಮೂರನೆಯ ಮೈಸೂರು ಯುದ್ಧ’ ಎಂದು ಕರೆಯುವ ಈ ಕದನ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಮುಗಿಯಿತು; ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆ ಇಟ್ಟ. ಇತಿಹಾಸದ ಮೇಷ್ಟ್ರುಗಳು ಪಾಠವನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಶಸ್ತ್ರವೈದ್ಯರು ಮಾತ್ರ ಈ ಯುದ್ಧವನ್ನು ಬೇರೊಂದು ಕಾರಣಕ್ಕೆ ನೆನೆಯುತ್ತಾರೆ. ಅದು ಒಬ್ಬ ಬಡ ಎತ್ತಿನಾಳಿನ ಮೂಗು.

ಅವನ ಹೆಸರು ಕಾವಸ್‌ಜಿ. ಹೆಸರು ಪಾರ್ಸಿಯವರದಂತೆ ಕೇಳಿಸಿದರೂ ಅವನನ್ನು ಕುರಿತ ಪತ್ರ ಆತ ಒಕ್ಕಲುತನದ ಮರಾಠನೆಂದೇ ಹೇಳುತ್ತದೆ. ಇಂಗ್ಲಿಷರ ಸೈನ್ಯದಲ್ಲಿ ಎತ್ತು ಹೊಡೆಯುವ ಕೆಲಸದಲ್ಲಿದ್ದವನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕ. ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡು ಹಿಂದಿರುಗಿದ. ಮೂಗು ಕೊಯ್ಯುವ ಶಿಕ್ಷೆ ಟಿಪ್ಪು ಹುಟ್ಟುಹಾಕಿದ್ದೇನಲ್ಲ. ಅವನಿಗೆ ನೂರು ವರ್ಷ ಮೊದಲೇ ಮೈಸೂರು ದಂಡಿಗೆ ಈ ವಿಷಯದಲ್ಲಿ ಅಪಖ್ಯಾತಿ ಇತ್ತು. ಮೂಗು ಹೋದರೆ ಮಾನ ಹೋದಂತೆ ಎಂದು ನಂಬಿದ್ದ ನಾಡಿನಲ್ಲಿ, ಜೀವ ತೆಗೆಯುವುದಕ್ಕಿಂತ ಇದು ದೊಡ್ಡ ಶಿಕ್ಷೆಯಾಗಿತ್ತು. ಹಾಗೆಯೇ, ಹೋದ ಮೂಗನ್ನು ಮತ್ತೆ ಕಟ್ಟಿಕೊಡುವವರೂ ಇದೇ ನಾಡಿನಲ್ಲಿದ್ದರು.

ಸುಮಾರು ಒಂದು ವರ್ಷ ಮೂಗಿಲ್ಲದೆ ಕಳೆದ ಕಾವಸ್‌ಜಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹೊಸ ಮೂಗು ಮಾಡಿಕೊಟ್ಟ. ಮುಂಬಯಿ ಸರ್ಕಾರದ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. ವಿಧಾನ ಹೀಗಿತ್ತು: ತೆಳುವಾದ ಮೇಣದ ಹಾಳೆಯನ್ನು ಮೂಗಿನ ಮೋಟಿನ ಮೇಲಿಟ್ಟು ಮೂಗಿನ ಆಕಾರಕ್ಕೆ ತರುವುದು. ಆಮೇಲೆ ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲೆ ತಲೆಕೆಳಗಾಗಿ ಇಟ್ಟು ಸುತ್ತ ಗೆರೆ ಎಳೆಯುವುದು. ಗೆರೆಯಷ್ಟಕ್ಕೇ ಹಣೆಯ ಚರ್ಮವನ್ನು ಬಿಡಿಸುವುದು, ಆದರೆ ಎರಡು ಹುಬ್ಬುಗಳ ನಡುವೆ ಎಲೆಯ ತೊಟ್ಟಿನಂತೆ ಒಂದು ಕಿರುಪಟ್ಟಿ ಉಳಿಸಿಕೊಳ್ಳುವುದು. ಚರ್ಮವನ್ನು ಆ ತೊಟ್ಟಿನಲ್ಲೇ ತಿರುಚಿ ಕೆಳಗೆ ತಂದು, ಮೂಗಿದ್ದ ಜಾಗದ ಅಂಚನ್ನು ಹಸಿಮಾಡಿ ಕೂಡಿಸುವುದು. ಅಂಟಿಗೆ ಏನು? ನೀರಿನಲ್ಲಿ ಮೆದುಮಾಡಿದ ಕಾಚು! ನಮ್ಮವರು ಎಲೆಯಡಿಕೆಗೆ ಹಾಕಿಕೊಳ್ಳುವ ಅದೇ ಕಾಚನ್ನು ಬಟ್ಟೆಯ ತುಂಡುಗಳಿಗೆ ಬಳಿದು, ಐದಾರು ಪದರವಾಗಿ ಮೇಲೆ ಹಾಸುತ್ತಿದ್ದರು. ನಾಲ್ಕು ದಿನ ಅದನ್ನು ಮುಟ್ಟುವಂತಿಲ್ಲ. ನಂತರ ತುಪ್ಪದಲ್ಲಿ ಅದ್ದಿದ ಬಟ್ಟೆ. ಸುಮಾರು ಇಪ್ಪತ್ತೈದನೆಯ ದಿನ ತೊಟ್ಟನ್ನು ಕತ್ತರಿಸಿದರೆ ಮೂಗು ಸ್ವತಂತ್ರ.

ಇಡೀ ಕೆಲಸದ ಗುಟ್ಟು ಆ ತೊಟ್ಟಿನಲ್ಲಿದೆ. ಹೊಸ ಜಾಗದಲ್ಲಿ ಚರ್ಮ ಬೇರೂರಿ ಹೊಸ ರಕ್ತನಾಳಗಳು ಬೆಳೆಯುವವರೆಗೆ ಹಳೆಯ ಜಾಗದ ರಕ್ತವೇ ತೊಟ್ಟಿನ ಮೂಲಕ ಹರಿದು ಅದನ್ನು ಬದುಕಿಸುತ್ತದೆ. ಇಂದಿಗೂ ಪ್ಲಾಸ್ಟಿಕ್ ಸರ್ಜರಿಯ ಅರ್ಧ ಜ್ಞಾನ ಇದೇ. ಹಣೆಯ ಚರ್ಮದಿಂದ ಮೂಗು ಕಟ್ಟುವ ಶಸ್ತ್ರಕ್ರಿಯೆಗೆ ಜಗತ್ತಿನ ವೈದ್ಯರು ‘ಇಂಡಿಯನ್ ವಿಧಾನ’ ಎನ್ನುತ್ತಾರೆ. ಸುಶ್ರುತ ಹೇಳಿದ್ದು ಕೆನ್ನೆಯ ಚರ್ಮವನ್ನು. ಹಣೆಯದು ನಂತರ ಬಂದ ಸುಧಾರಣೆ. ಎರಡನ್ನೂ ಒಂದೇ ಎಂದು ಭಾಷಣ ಮಾಡುವವರು ಇದನ್ನು ಗಮನಿಸಬೇಕು. ಅಂದಹಾಗೆ ‘ಪ್ಲಾಸ್ಟಿಕ್’ ಎಂಬ ಮಾತಿಗೂ ಬಕೀಟು ಚೆಂಬುಗಳಿಗೂ ಸಂಬಂಧವಿಲ್ಲ. ಜೇಡಿಮಣ್ಣಿನಂತೆ ಆಕಾರ ಕೊಡುವುದು ಎಂಬ ಅರ್ಥದ ಗ್ರೀಕ್ ಪದ ಅದು. ಮಣ್ಣಿನ ಕೆಲಸದವನೇ ಮೂಗಿನ ಕೆಲಸವನ್ನೂ ಮಾಡಿದ್ದು ಸರಿಯಾಗಿಯೇ ಇದೆ!

ಇಪ್ಪತ್ತು ವರ್ಷ ಕಾದ ಪತ್ರ

ಈ ಸಂಗತಿ ಲೋಕಕ್ಕೆ ತಿಳಿದದ್ದು ಹೇಗೆ? ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಎಂಬ ಮಾಸಪತ್ರಿಕೆಯ 1794ರ ಅಕ್ಟೋಬರ್ ಸಂಚಿಕೆಯಲ್ಲಿ ‘ಬಿ.ಎಲ್.’ ಎಂಬ ಎರಡಕ್ಷರದ ಸಹಿಯಿದ್ದ ಒಂದು ಓದುಗರ ಪತ್ರ ಪ್ರಕಟವಾಯಿತು, ಜೊತೆಗೆ ಕಾವಸ್‌ಜಿಯ ಚಿತ್ರ. ಅದು ವೈದ್ಯಕೀಯ ಪತ್ರಿಕೆಯಲ್ಲ; ಕವಿತೆ, ಮರಣವಾರ್ತೆ, ಧಾನ್ಯದ ಧಾರಣೆ ಎಲ್ಲವನ್ನೂ ಅಚ್ಚುಹಾಕುತ್ತಿದ್ದ ಸಾಮಾನ್ಯ ಪತ್ರಿಕೆ. ಜೋಸೆಫ್ ಕಾರ್ಪ್ಯೂ ಎಂಬ ಲಂಡನ್ನಿನ ಶಸ್ತ್ರವೈದ್ಯನ ಮನಸ್ಸಿನಲ್ಲಿ ಈ ವಿಧಾನ ನೆಟ್ಟುಹೋಯಿತು. ಹೆಣಗಳ ಮೇಲೆ ಅಭ್ಯಾಸ ಮಾಡುತ್ತ, ತಕ್ಕ ರೋಗಿಗಾಗಿ ಕಾಯುತ್ತ ಇದ್ದ ಆತ ಕೊನೆಗೆ 1814ರ ಅಕ್ಟೋಬರ್ 23ರಂದು ಒಬ್ಬ ಸೈನ್ಯಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಮಾಡಿದ. ಆಗ ಅರಿವಳಿಕೆ ಇರಲಿಲ್ಲ. ಎಲ್ಲ ಸೇರಿ ಕಾಲು ಗಂಟೆಯಲ್ಲಿ ಮುಗಿಸಿದನಂತೆ. ಎರಡು ರೋಗಿಗಳ ವಿವರವನ್ನು 1816ರಲ್ಲಿ ಪುಸ್ತಕವಾಗಿ ಪ್ರಕಟಿಸಿದ. ಬರ್ಲಿನ್ನಿನ ಗ್ರೇಫೆ 1818ರಲ್ಲಿ ಈ ವಿಷಯದ ಮೇಲೇ ಒಂದು ಗ್ರಂಥ ಬರೆದ. ಅಲ್ಲಿಂದ ಮುಂದೆ ಯೂರೋಪಿನಲ್ಲಿ ಮೂಗು ಕಟ್ಟುವ ವಿದ್ಯೆ ನಿಲ್ಲಲೇ ಇಲ್ಲ.

ಪತ್ರ ಬಂದದ್ದು 1794. ಫಲ ಕೊಟ್ಟದ್ದು 1814. ಈ ಇಪ್ಪತ್ತು ವರ್ಷಗಳ ಅಂತರವನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ ಇಂದು ಒಂದು ವೈದ್ಯಕೀಯ ಪತ್ರಿಕೆಯ ಯೋಗ್ಯತೆಯನ್ನು ಅಳೆಯುವುದು ಎರಡೇ ವರ್ಷಗಳ ಲೆಕ್ಕದಿಂದ.

ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬ ಸರಾಸರಿ

ಸಂಶೋಧಕನೊಬ್ಬ ಪ್ರಬಂಧ ಬರೆಯುವಾಗ ತನಗಿಂತ ಮುಂಚೆ ಆ ವಿಷಯದಲ್ಲಿ ಕೆಲಸ ಮಾಡಿದವರನ್ನು ಕೊನೆಯಲ್ಲಿ ಹೆಸರಿಸುವುದು ಪದ್ಧತಿ. ಇದೇ ಉಲ್ಲೇಖ. ಒಂದು ಪ್ರಬಂಧವನ್ನು ಮುಂದೆ ಎಷ್ಟು ಮಂದಿ ಉಲ್ಲೇಖಿಸಿದರು ಎಂದು ಎಣಿಸಿದರೆ ಅದರ ಜಾಡು ಸಿಗುತ್ತದೆ ಎಂಬ ಆಲೋಚನೆಯನ್ನು ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಮುಂದಿಟ್ಟ. ಫಿಲಡೆಲ್ಫಿಯಾದಲ್ಲಿದ್ದ ಅವನ ಸಂಸ್ಥೆ 1960ರ ದಶಕದಲ್ಲಿ ಉಲ್ಲೇಖಗಳ ಬೃಹತ್ ಸೂಚಿಯನ್ನೇ ಹೊರತಂದಿತು. 1975ರಿಂದ ಪತ್ರಿಕೆಗಳ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಪ್ರಭಾವಾಂಕ, ವರ್ಷವರ್ಷವೂ ಪ್ರಕಟವಾಗತೊಡಗಿತು.

ಲೆಕ್ಕ ಏಳನೆಯ ತರಗತಿಯ ಮಕ್ಕಳೂ ಮಾಡಬಹುದಾದದ್ದು. ಒಂದು ಪತ್ರಿಕೆ ಎರಡು ವರ್ಷಗಳಲ್ಲಿ 200 ಪ್ರಬಂಧ ಪ್ರಕಟಿಸಿತು ಎನ್ನಿ. ಮೂರನೆಯ ವರ್ಷದಲ್ಲಿ ಆ ಪ್ರಬಂಧಗಳಿಗೆ ಒಟ್ಟು 300 ಉಲ್ಲೇಖ ಬಂದವು. 300ನ್ನು 200ರಿಂದ ಭಾಗಿಸಿದರೆ 1.5. ಅದೇ ಆ ವರ್ಷದ ಪ್ರಭಾವಾಂಕ. ನಾಲ್ಕನೆಯ ವರ್ಷ ಬಂದ ಉಲ್ಲೇಖಕ್ಕೆ ಈ ಲೆಕ್ಕದಲ್ಲಿ ಜಾಗವಿಲ್ಲ, ಇಪ್ಪತ್ತನೆಯ ವರ್ಷದ್ದಕ್ಕಂತೂ ಕೇಳುವುದೇ ಬೇಡ. ಇನ್ನೊಂದು ತಮಾಷೆಯಿದೆ. ಓದುಗರ ಪತ್ರಗಳನ್ನು ಭಾಗಿಸುವ ಸಂಖ್ಯೆಯಲ್ಲಿ ಪ್ರಬಂಧವೆಂದು ಎಣಿಸುವುದೇ ಇಲ್ಲ. ಬಿ.ಎಲ್. ಮಹಾಶಯನ ಪತ್ರ ಇಂದು ಪ್ರಕಟವಾಗಿದ್ದರೆ ಲೆಕ್ಕಕ್ಕುಂಟು ಆಟಕ್ಕಿಲ್ಲ ಎನ್ನುವ ಗಾದೆಯನ್ನು ತಿರುಗಿಸಿ ಹೇಳಬೇಕಾಗುತ್ತಿತ್ತು.

ಸರಾಸರಿ ಎಷ್ಟು ಹೇಳುತ್ತದೆ, ಎಷ್ಟು ಮುಚ್ಚಿಡುತ್ತದೆ ಎಂಬುದನ್ನು ಭದ್ರಾವತಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆ ಊರಿನಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ 1969ರಲ್ಲಿ ಕಾನ್ಪುರದ ಮೊದಲ ಟೆಸ್ಟಿನಲ್ಲಿ ಮೊದಲ ಇನಿಂಗ್ಸಿಗೆ ಸೊನ್ನೆ, ಎರಡನೆಯದಕ್ಕೆ 137. ಸರಾಸರಿ 68.5. ಆದರೆ ಅವರು 68 ರನ್ ಹೊಡೆದ ಇನಿಂಗ್ಸ್ ಆ ಪಂದ್ಯದಲ್ಲಿ ಎಲ್ಲಿತ್ತು? ಪತ್ರಿಕೆಗಳ ಕಥೆಯೂ ಹೀಗೆಯೇ. ನಾಲ್ಕಾರು ಪ್ರಬಂಧಗಳು ನೂರಾರು ಉಲ್ಲೇಖ ಪಡೆದು ಮೆರೆಯುತ್ತವೆ. ಬಹುಪಾಲು ಒಂದೆರಡಕ್ಕೆ, ಕೆಲವು ಸೊನ್ನೆಗೆ ಔಟಾಗುತ್ತವೆ. ಪತ್ರಿಕೆಯ ಅಂಕ ನೋಡಿ ಅದರಲ್ಲಿನ ಒಂದು ಪ್ರಬಂಧದ ತೂಕ ಹೇಳುವುದು, ತಂಡದ ಸರಾಸರಿ ನೋಡಿ ಹನ್ನೊಂದನೆಯ ಆಟಗಾರನಿಗೆ ಬಹುಮಾನ ಕೊಟ್ಟಂತೆ. ಇನ್ನು 1975ರ ಜನವರಿಯಲ್ಲಿ ಮದ್ರಾಸಿನಲ್ಲಿ ಆಂಡಿ ರಾಬರ್ಟ್ಸ್‌ನ ಬೆಂಕಿಯ ಚೆಂಡುಗಳೆದುರು ಭಾರತದ 190ರಲ್ಲಿ ಔಟಾಗದೆ 97 ಹೊಡೆದರಲ್ಲ, ಅದು ಶತಕಗಳ ಪಟ್ಟಿಯಲ್ಲಿ ಇಲ್ಲ. ವಿಶ್ವನಾಥರ ಹದಿನಾಲ್ಕು ಶತಕಗಳನ್ನು ಮರೆತವರೂ ಆ 97ನ್ನು ಮರೆತಿಲ್ಲ.

ಉಲ್ಲೇಖ ಎಣಿಸುವ ವಿದ್ಯೆ ನಮ್ಮ ನಾಡಿಗೆ ಹೊರಗಿನದೂ ಅಲ್ಲ. ಗ್ರಂಥಾಲಯದ ಕೆಲಸಕ್ಕೆ ಅಂಕಿಸಂಖ್ಯಾಶಾಸ್ತ್ರವನ್ನು ಅನ್ವಯಿಸಬೇಕೆಂದು 1948ರಲ್ಲೇ ‘ಲಿಬ್ರಾಮೆಟ್ರಿ’ ಎಂಬ ಹೆಸರು ಟಂಕಿಸಿದವರು ಎಸ್.ಆರ್. ರಂಗನಾಥನ್, ಕೊನೆಗಾಲದಲ್ಲಿ ಬೆಂಗಳೂರಿನಲ್ಲಿ ನೆಲೆಸಿ 1962ರಲ್ಲಿ ಅಲ್ಲಿಯೇ ದಾಖಲೆಶಾಸ್ತ್ರದ ಕೇಂದ್ರ ತೆರೆದವರು. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾನಿಲಯದ ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆ ಇದೀಗ ಪಠ್ಯದ ವಿಷಯ. ಗಾರ್ಫೀಲ್ಡ್ ಮೊದಲು ಬಯಸಿದ್ದೂ ಇಷ್ಟೇ: ಯಾವ ಪತ್ರಿಕೆಗಳನ್ನು ಸೂಚಿಗೆ ಸೇರಿಸಿಕೊಳ್ಳಬೇಕು, ಗ್ರಂಥಾಲಯ ಯಾವುದನ್ನು ತರಿಸಬೇಕು ಎಂದು ತಿಳಿಯಲು ಒಂದು ಉಪಕರಣ. ಅದನ್ನು ಮನುಷ್ಯರ ಬಡ್ತಿಗೆ, ಮರ್ಯಾದೆಗೆ ಅಳತೆಗೋಲು ಮಾಡಿಕೊಂಡವರು ಬೇರೆಯವರು.

ಸಣ್ಣ ಹೊಲದ ಪತ್ರಿಕೆ

ಭಾರತದ ಪ್ಲಾಸ್ಟಿಕ್ ಸರ್ಜನ್ನರ ಸಂಘ ಸ್ಥಾಪನೆಯಾದದ್ದು 1957ರಲ್ಲಿ. ಅದರ ಮುಖಪತ್ರಿಕೆ ‘ಇಂಡಿಯನ್ ಜರ್ನಲ್ ಆಫ್ ಪ್ಲಾಸ್ಟಿಕ್ ಸರ್ಜರಿ’ 1968ರಲ್ಲಿ ಆರಂಭವಾಯಿತು. ಅಮೆರಿಕದ ‘ಪ್ಲಾಸ್ಟಿಕ್ ಅಂಡ್ ರಿಕನ್‌ಸ್ಟ್ರಕ್ಟಿವ್ ಸರ್ಜರಿ’ ಇದಕ್ಕಿಂತ ಎರಡು ದಶಕ ಹಿರಿಯದು, 1946ರದು. ಇಡೀ ಕ್ಷೇತ್ರಕ್ಕೆ ಅದೇ ದೊಡ್ಡಣ್ಣ. ಆ ದೊಡ್ಡಣ್ಣನ ಪ್ರಭಾವಾಂಕವೂ ಇತ್ತೀಚಿನ ವರ್ಷಗಳಲ್ಲಿ ಮೂರರಿಂದ ಐದರ ಆಸುಪಾಸಿನಲ್ಲೇ ಇದೆ. ಎಲ್ಲ ಬಗೆಯ ವೈದ್ಯರೂ ಓದುವ ‘ಲ್ಯಾನ್ಸೆಟ್’ನ ಅಂಕ ನೂರರ ಆಸುಪಾಸು. ಹಾಗೆಂದು ಲ್ಯಾನ್ಸೆಟ್ ಮೂವತ್ತು ಪಟ್ಟು ಒಳ್ಳೆಯ ಪತ್ರಿಕೆಯೇ? ಅಲ್ಲ. ಪ್ಲಾಸ್ಟಿಕ್ ಸರ್ಜನ್ನರ ಸಂಖ್ಯೆಯೇ ಕಡಿಮೆ. ಅವರು ಬರೆಯುವುದಕ್ಕಿಂತ ಕೊಯ್ದು ಹೊಲಿಯುವುದೇ ಹೆಚ್ಚು. ಬರೆದರೂ ಅದನ್ನು ಉಲ್ಲೇಖಿಸುವವರು ಮತ್ತೆ ಅದೇ ಕೆಲವು ಸಾವಿರ ಮಂದಿ. ಒಂದೆಕರೆ ಗದ್ದೆಯ ಇಳುವರಿಯನ್ನು ನೂರೆಕರೆಯ ಇಳುವರಿಗೆ ಹೋಲಿಸಿದರೆ ರೈತ ನಗುತ್ತಾನೆ.

ಆದರೆ ಭಾರತೀಯ ಪತ್ರಿಕೆಗೆ ಇನ್ನೊಂದು ಬಲವಿದೆ. ಅದರ ಪ್ರಬಂಧಗಳನ್ನು ಅಂತರಜಾಲದಲ್ಲಿ ಯಾರು ಬೇಕಾದರೂ ಹಣವಿಲ್ಲದೆ ಓದಬಹುದು. ವಿದೇಶದ ಅನೇಕ ಪತ್ರಿಕೆಗಳಲ್ಲಿ ಒಂದೇ ಒಂದು ಪ್ರಬಂಧ ತೆರೆಯಲು ಎರಡು ಮೂರು ಸಾವಿರ ರೂಪಾಯಿ ಕೇಳುತ್ತಾರೆ. ಜಿಲ್ಲಾ ಆಸ್ಪತ್ರೆಯ ವೈದ್ಯನೊಬ್ಬ ಮರುದಿನದ ಶಸ್ತ್ರಕ್ರಿಯೆಗೆ ಹಿಂದಿನ ರಾತ್ರಿ ಏನನ್ನಾದರೂ ಓದಿಕೊಳ್ಳಬೇಕೆಂದರೆ ಯಾವುದು ಕೈಗೆ ಸಿಗುತ್ತದೆ? ಹಾಗೆ ಓದಿ, ಮರುದಿನ ಒಂದು ಕೈಬೆರಳನ್ನು ಉಳಿಸಿದವನು ಪ್ರಬಂಧ ಬರೆಯುವುದಿಲ್ಲ. ಆದ್ದರಿಂದ ಉಲ್ಲೇಖವೂ ಇಲ್ಲ, ಅಂಕವೂ ಇಲ್ಲ. ಪತ್ರಿಕೆ ತಲುಪಿದ ದೂರ ಬೇರೆ, ಅದಕ್ಕೆ ಬಂದ ಉಲ್ಲೇಖ ಬೇರೆ. ಲೆಕ್ಕ ಹಾಕುವವರು ಎರಡನೆಯದನ್ನು ಮಾತ್ರ ಹಿಡಿದಿದ್ದಾರೆ, ಏಕೆಂದರೆ ಎಣಿಸಲು ಸುಲಭವಾದದ್ದು ಅದೇ.

ಭಾಷೆಯ ಪಾಲೂ ಇಲ್ಲಿ ಸಣ್ಣದಲ್ಲ. ಬಾಯಿಯ ಕ್ಯಾನ್ಸರ್ ತೆಗೆದ ಜಾಗಕ್ಕೆ ಮುಂಗೈಯ ತೆಳು ಚರ್ಮವನ್ನು ರಕ್ತನಾಳ ಸಮೇತ ತಂದು ಜೋಡಿಸುವ ಪ್ರಸಿದ್ಧ ವಿಧಾನವಿದೆ. ಅದನ್ನು ಚೀನಾದ ಯಾಂಗ್ ಗುವೋಫಾನ್ ಮತ್ತು ಸಂಗಡಿಗರು 1981ರಲ್ಲಿ ಚೀನೀ ಭಾಷೆಯ ಪತ್ರಿಕೆಯಲ್ಲೇ ಬರೆದದ್ದು. ಹೊರಗಿನವರು ಇಂಗ್ಲಿಷಿನಲ್ಲಿ ಬರೆದ ಮೇಲೆ ಲೋಕ ಕಣ್ಣುತೆರೆಯಿತು. ವಿಧಾನಕ್ಕೆ ‘ಚೈನೀಸ್ ಫ್ಲಾಪ್’ ಎಂಬ ಹೆಸರಾದರೂ ಉಳಿಯಿತು, ಪುಣ್ಯ.

ಅಡಿಕೆ ಸೀಮೆಯ ಪ್ರಶ್ನೆ

ಈ ಅಂಕಗಣಿತ ಶಿವಮೊಗ್ಗಕ್ಕೆ ಏಕೆ ಬೇಕು? ಇಲ್ಲಿನ ಗಾಯಗಳನ್ನು ಒಮ್ಮೆ ನೋಡಿ. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಹಂಡೆಯ ಬಳಿ ಆಡುವ ಮಗು ಕುದಿಯುವ ಚೊಗರಿನಿಂದ ಸುಟ್ಟುಕೊಳ್ಳುತ್ತದೆ. ಅಡಿಕೆ ಸುಲಿಯುವ ಯಂತ್ರಕ್ಕೆ, ಕಬ್ಬಿನ ಗಾಣಕ್ಕೆ ಬೆರಳು ಸಿಗುತ್ತದೆ. ಭದ್ರಾವತಿಯಂತೂ 1923ರಿಂದ ಕಾದ ಕಬ್ಬಿಣ ಕಂಡ ಊರು. ಇವಾವುವೂ ಬೋಸ್ಟನ್ನಿನ ವೈದ್ಯ ದಿನನಿತ್ಯ ನೋಡುವ ಗಾಯಗಳಲ್ಲ. ಹೆಚ್ಚು ಅಂಕದ ಪತ್ರಿಕೆಯ ಸಂಪಾದಕನಿಗೆ ಚೊಗರು ಎಂದರೇನೆಂದು ವಿವರಿಸುವಷ್ಟರಲ್ಲೇ ಪುಟ ಮುಗಿಯುತ್ತದೆ; ಅವನ ಓದುಗರು ಅದನ್ನು ಉಲ್ಲೇಖಿಸುವುದೂ ಅನುಮಾನ.

ಎಲ್ಲಕ್ಕಿಂತ ಗಂಭೀರವಾದದ್ದು ಬಾಯಿ ಬಿಗಿಯುವ ರೋಗ, ವೈದ್ಯರು ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎನ್ನುತ್ತಾರೆ. ಅಡಿಕೆ, ಗುಟ್ಕಾ ಅಗಿಯುವವರ ಕೆನ್ನೆಯ ಒಳಪದರ ವರ್ಷಗಳು ಕಳೆದಂತೆ ನಾರುಗಟ್ಟಿ, ಬಾಯಿ ಎರಡು ಬೆರಳಷ್ಟೂ ತೆರೆಯದ ಸ್ಥಿತಿಗೆ ಬರುತ್ತದೆ. ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ತನ್ನ ಗ್ರಂಥದಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಬೆಳೆಗಾರರ ಸಂಘಗಳು ಇದನ್ನು ಒಪ್ಪುವುದಿಲ್ಲ. ಅಡಿಕೆಯಿಂದಲೇ ಅನ್ನ ಉಣ್ಣುವ ಜಿಲ್ಲೆಯಲ್ಲಿ ಇದು ಹಗುರವಾಗಿ ಆಡುವ ಮಾತೂ ಅಲ್ಲ. ಆದರೆ ಬಾಯಿ ತೆರೆಯಲಾಗದೆ ಆಸ್ಪತ್ರೆಗೆ ಬರುವ ಹುಡುಗನಿಗೆ ಚಿಕಿತ್ಸೆ ಬೇಕೇ ಬೇಕು. ನಾರನ್ನು ಬಿಡಿಸಿ, ಮೂಗಿನ ಪಕ್ಕದ ಮಡಿಕೆಯ ಚರ್ಮವನ್ನು ಒಳಕ್ಕೆ ತಿರುಗಿಸಿ ಕೆನ್ನೆಗೆ ಒಳಗಿನಿಂದ ಹೊದಿಸುವುದು ಒಂದು ವಿಧಾನ. ಪುಣೆಯ ಇಟ್ಟಿಗೆಯವನ ತೊಟ್ಟಿನ ಉಪಾಯವೇ ಇಲ್ಲೂ ಕೆಲಸ ಮಾಡುತ್ತದೆ.

ಈ ರೋಗವನ್ನು 1952ರಲ್ಲಿ ಶ್ವಾರ್ಟ್ಸ್ ಎಂಬಾತ ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಗುರುತಿಸಿದ. ಮರುವರ್ಷವೇ, 1953ರಲ್ಲಿ, ಮುಂಬಯಿಯ ಎಸ್.ಜಿ. ಜೋಷಿ ಅದಕ್ಕೆ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ ಎಂಬ ಹೆಸರಿಟ್ಟು ವರ್ಣಿಸಿದರು. ಪ್ರಕಟವಾದದ್ದು ಭಾರತದ್ದೇ ಆದ ಕಿವಿ-ಮೂಗು-ಗಂಟಲಿನ ಪತ್ರಿಕೆಯಲ್ಲಿ, ಬರೀ ನಾಲ್ಕು ಪುಟ. ಇಂದು ಜಗತ್ತಿನಲ್ಲಿ ಯಾರೇ ಈ ರೋಗದ ಬಗ್ಗೆ ಬರೆಯಲಿ, ಪಟ್ಟಿಯಲ್ಲಿ ಜೋಷಿ 1953 ಕಾಣಿಸುತ್ತದೆ. ಆ ನಾಲ್ಕು ಪುಟಗಳಿಗೆ ಪ್ರಭಾವಾಂಕದ ಆಸರೆ ಇರಲಿಲ್ಲ. ಅಂಕವೇ ಇನ್ನೂ ಹುಟ್ಟಿರಲಿಲ್ಲ.

ಹುಬ್ಬಳ್ಳಿಯಲ್ಲಿ ಹುಟ್ಟಿದವರು

ದೊಡ್ಡ ಪತ್ರಿಕೆಗೆ ಬರೆಯಬಾರದು ಎಂದು ಇದರ ಅರ್ಥವಲ್ಲ. ಡಾ. ಎನ್.ಎಚ್. ಆಂಟಿಯಾ 1922ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದವರು. ಇಂಗ್ಲೆಂಡಿನಲ್ಲಿ ಹೆರಾಲ್ಡ್ ಗಿಲೀಸ್ ಬಳಿ ಪ್ಲಾಸ್ಟಿಕ್ ಸರ್ಜರಿ ಕಲಿತು ಬಂದು, ಬೇರೆ ವೈದ್ಯರು ಮುಟ್ಟಲು ಹೆದರುತ್ತಿದ್ದ ಕುಷ್ಠರೋಗಿಗಳ ಕುಸಿದ ಮೂಗು, ಮಡಚಿದ ಬೆರಳುಗಳನ್ನು ಸರಿಪಡಿಸಿದರು, ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ವಿಭಾಗ ಕಟ್ಟಿದರು. ಕಿವಿಯ ಅಂಚು ಹರಿದುಹೋದಾಗ ಉಳಿದ ಅಂಚನ್ನೇ ಬಿಡಿಸಿ ಜಾರಿಸಿ ಕೂಡಿಸುವ ಅವರ ವಿಧಾನ 1967ರಲ್ಲಿ ಅಮೆರಿಕದ ಆ ‘ದೊಡ್ಡಣ್ಣ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಜೊತೆಗಾರ ಬುಚ್ ಅವರ ಹೆಸರೂ ಸೇರಿ ‘ಆಂಟಿಯಾ-ಬುಚ್ ವಿಧಾನ’ ಎಂದು ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಇದೇ ಆಂಟಿಯಾ 1970ರ ದಶಕದಲ್ಲಿ ಮಹಾರಾಷ್ಟ್ರದ ಮಾಂಡ್ವಾ ಪ್ರದೇಶದಲ್ಲಿ ಹಳ್ಳಿಯ ಹೆಂಗಸರಿಗೇ ಆರೋಗ್ಯದ ಕೆಲಸ ಕಲಿಸಿದರು. ಅವರ ಕಿವಿಯ ಪ್ರಬಂಧಕ್ಕೆ ಬಂದ ಉಲ್ಲೇಖಗಳನ್ನು ಕಂಪ್ಯೂಟರ್ ಕ್ಷಣದಲ್ಲಿ ಹೇಳುತ್ತದೆ. ಮಾಂಡ್ವಾದ ಲೆಕ್ಕ ಅದರ ಬಳಿ ಇಲ್ಲ. 2007ರಲ್ಲಿ ತೀರಿಕೊಂಡ ಅವರಿಗೆ ಹುಬ್ಬಳ್ಳಿಯಲ್ಲಿ ಎಷ್ಟು ಜನ ಓದುಗರಿದ್ದಾರೋ!

ಬಡ್ತಿಯ ಬೆಲೆ

ವೈದ್ಯಕೀಯ ಕಾಲೇಜುಗಳ ಅಧ್ಯಾಪಕರಿಗೆ ಬಡ್ತಿ ಬೇಕಾದರೆ ಸೂಚಿಯಲ್ಲಿ ಸೇರಿದ ಪತ್ರಿಕೆಗಳಲ್ಲಿ ಪ್ರಬಂಧಗಳು ಇರಬೇಕೆಂದು ನಿಯಮವಿದೆ. ಉದ್ದೇಶ ಒಳ್ಳೆಯದೇ. ಆದರೆ ಬೆಳಗಿನಿಂದ ಹೊರರೋಗಿ ವಿಭಾಗ, ಮಧ್ಯಾಹ್ನ ಪಾಠ, ರಾತ್ರಿ ತುರ್ತು ಕರೆ ಎಂದು ಓಡಾಡುವ ವೈದ್ಯ ಯಾವಾಗ ಬರೆಯಬೇಕು? ಈ ಇಕ್ಕಟ್ಟನ್ನು ನೋಡಿಯೇ ಹುಟ್ಟಿಕೊಂಡವು ಖೊಟ್ಟಿ ಪತ್ರಿಕೆಗಳು. ಹಣ ಕಟ್ಟಿದರೆ ಸಾಕು, ಪರಿಶೀಲನೆ ಎಂಬ ತಾಪತ್ರಯವಿಲ್ಲದೆ ಕೆಲವೇ ದಿನಗಳಲ್ಲಿ ಅಚ್ಚು. ‘ಇಂಪ್ಯಾಕ್ಟ್’ ಎಂಬ ಪದ ಸೇರಿದ ನಕಲಿ ಅಂಕವೂ ಉಚಿತ. ಅಸಲಿ ಪತ್ರಿಕೆಗಳಲ್ಲೂ ಕೆಲವು ತಮ್ಮನ್ನೇ ತಾವು ಉಲ್ಲೇಖಿಸಿಕೊಂಡು ಅಂಕ ಉಬ್ಬಿಸಿ, ಪಟ್ಟಿಯಿಂದ ಹೊರಬಿದ್ದದ್ದುಂಟು. 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸೇರಿದ್ದ ವಿಜ್ಞಾನಿಗಳು, ವ್ಯಕ್ತಿಯ ಯೋಗ್ಯತೆಗೆ ಪತ್ರಿಕೆಯ ಅಂಕವನ್ನು ಬಳಸಬೇಡಿ ಎಂಬ ಘೋಷಣೆಯೊಂದನ್ನು ರೂಪಿಸಿದರು. ಜಗತ್ತಿನ ಸಾವಿರಾರು ಸಂಸ್ಥೆಗಳು ಸಹಿ ಹಾಕಿವೆ. ಸಹಿ ಹಾಕುವುದು ಸುಲಭ, ಸಂದರ್ಶನದ ಕೋಣೆಯಲ್ಲಿ ಅದನ್ನು ನೆನಪಿಡುವುದು ಕಷ್ಟ.

ಶಿವಮೊಗ್ಗದಲ್ಲಿ ಈಗ ಮೆಗ್ಗಾನ್ ಆಸ್ಪತ್ರೆಗೆ ಹೊಂದಿಕೊಂಡು ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಮಲೆನಾಡಿನ ಮೂಲೆ ಮೂಲೆಯಿಂದ ಗಾಯಾಳುಗಳು ಬರುವುದು ಅಲ್ಲಿಗೆ. ಒಂದು ಸುಗ್ಗಿಯ ಹಂಡೆಯ ಸುಟ್ಟಗಾಯಗಳ ಲೆಕ್ಕ, ಯಂತ್ರಕ್ಕೆ ಸಿಕ್ಕಿದ ಬೆರಳುಗಳಲ್ಲಿ ಎಷ್ಟು ಉಳಿದವು, ಬಾಯಿ ಬಿಡಿಸಿಕೊಂಡವರಲ್ಲಿ ಐದು ವರ್ಷದ ನಂತರ ಎಷ್ಟು ಮಂದಿ ಮತ್ತೆ ಅಗಿಯತೊಡಗಿದರು: ಇಂಥ ವಿವರಗಳನ್ನು ಬರೆದಿಡಲು ದೊಡ್ಡ ಪ್ರಯೋಗಾಲಯ ಬೇಡ, ಒಂದು ದಪ್ಪ ರಿಜಿಸ್ಟರು, ರೋಗಿಯ ಒಪ್ಪಿಗೆ, ಬಿಡದೆ ಬರೆಯುವ ಕೈ ಸಾಕು. ಒಪ್ಪಿಗೆ ಎಂದದ್ದಕ್ಕೆ ಕಾರಣವಿದೆ. ಕಾವಸ್‌ಜಿಯ ಮುಖ ಹೆಸರಿನೊಂದಿಗೆ ಲಂಡನ್ನಿನಲ್ಲಿ ಅಚ್ಚಾಯಿತು. ಅವನನ್ನು ಯಾರೂ ಕೇಳಿದಂತೆ ಕಾಣುವುದಿಲ್ಲ. ಅವನ ಮೂಗು ಕಟ್ಟಿದಾತನದು ಇನ್ನೊಂದು ಬಗೆಯ ಅನ್ಯಾಯ. ನೋಡಿದ ಇಬ್ಬರು ವೈದ್ಯರ ಹೆಸರು ಪತ್ರದಲ್ಲಿದೆ, ಮಾಡಿದವನದು ಇಲ್ಲ. ಎರಡು ಶತಮಾನಗಳಿಂದ ಉಲ್ಲೇಖವಾಗುತ್ತಿರುವುದು ಅವನ ಜಾತಿ ಮಾತ್ರ.